ಮೈಸೂರಿಗೆ ಬಂದು ರೇಷ್ಮೆ ಕೊಳ್ಳುವವರಿಗೆ ಅಸಲಿ ಮಾಲೇ ಸಿಗಲಿ

ಮಾನ್ಯ ಸಂಪಾದಕರೇ,

ಅಕ್ಕನ ಮಗಳ ಮದುವೆ ಜವಳಿಗೆಂದು ನಾವು ಕಂಚಿಗೂ ಹೋಗಿದ್ದೆವು, ಮೈಸೂರಿಗೂ ಹೋಗಿದ್ದೆವು. ಎರಡೂ ಪ್ರವಾಸಿಗರ ಊರು, ಎರಡೂ ಸೀರೆಗೆ ಹೆಸರಾದ ಊರು. ಆದರೆ ಹೊರಗಿನಿಂದ ಬಂದವರು ಕೊಟ್ಟ ದುಡ್ಡಿಗೆ ತಕ್ಕ ಮಾಲು ಪಡೆಯುವುದು ಕಂಚಿಯಲ್ಲೇ ಸುಲಭ ಅನ್ನಿಸಿತು. ಇದು ನನಗೆ ತುಂಬಾ ಬೇಸರ ತಂದಿದೆ.

ಕಂಚಿಯ ಗಾಂಧಿ ರಸ್ತೆಯಲ್ಲಿ ದೊಡ್ಡ ಅಂಗಡಿಗಳಿವೆ, ಜೊತೆಗೆ ಊರಲ್ಲಿ ನೇಕಾರರ ಸಹಕಾರ ಸಂಘಗಳ ಮಳಿಗೆಗಳೂ ಇವೆ. ಅಲ್ಲಿನ ಕೊರ್ವೈ ಎಂಬ ನೇಯ್ಗೆಯ ಸೀರೆಯಲ್ಲಿ ಒಡಲಿಗೂ ಅಂಚಿಗೂ ಬೇರೆ ಬೇರೆ ಬಣ್ಣ, ಎರಡನ್ನೂ ಮಗ್ಗದ ಮೇಲೇ ಬೆಸೆಯಬೇಕು, ಆ ಕಡೆಯಿಂದ ಲಾಳಿ ಎಸೆಯಲು ನೇಕಾರರ ಪಕ್ಕ ಇನ್ನೊಬ್ಬರು ಕೂರಬೇಕು. ಅದನ್ನು ನೋಡಿದ ಮೇಲೆ ಬೆಲೆ ಜಾಸ್ತಿ ಅಂತ ಅನ್ನಿಸುವುದಿಲ್ಲ. ಅಲ್ಲೂ ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದು ಅಂತ ಮಾರುವವರಿದ್ದಾರೆ, ಜರಿಯಲ್ಲೂ ಮೋಸವಿದೆ. ಆದರೆ ಸಂಘದ ಮಳಿಗೆ ಎಲ್ಲಿ ಅಂತ ಕೇಳಿದರೆ ದಾರಿ ತೋರಿಸುತ್ತಾರೆ.

ನಿಜ ಹೇಳಬೇಕೆಂದರೆ ಭರವಸೆಯ ವಿಷಯದಲ್ಲಿ ಮೈಸೂರೇ ಒಂದು ಕೈ ಮೇಲು. 1912ರಲ್ಲಿ ಶುರುವಾದ ಕಾರ್ಖಾನೆ ಇವತ್ತಿಗೂ ನೇಯುತ್ತಿದೆ. ಅದನ್ನು ನಡೆಸುವ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಸೀರೆಗೆ ನಿಗದಿತ ಬೆಲೆ, ಚೌಕಾಸಿ ಇಲ್ಲ. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಪ್ರತಿ ಸೀರೆಗೂ ಅದರದ್ದೇ ಸಂಖ್ಯೆ, ಹಾಲೋಗ್ರಾಂ. ಇಷ್ಟು ಖಾತ್ರಿ ಬೇರೆಲ್ಲಿದೆ?

ಆದರೆ ಪ್ರವಾಸಿಗರು ನಿಗಮದ ಮಳಿಗೆಗೆ ತಲುಪಬೇಕಲ್ವಾ? ಅರಮನೆ ಮುಂದೆ ಆಟೋ ಹತ್ತಿ ಸರ್ಕಾರಿ ಮಳಿಗೆಗೆ ಬಿಡಿ ಅಂದರೆ, ಇವತ್ತು ಬಾಗಿಲು ಹಾಕಿದೆ, ಇಲ್ಲೇ ಫ್ಯಾಕ್ಟರಿ ರೇಟಿಗೆ ಸಿಗುತ್ತೆ ಅಂತ ಹೇಳಿ ಯಾವುದೋ ಖಾಸಗಿ ಅಂಗಡಿ ಮುಂದೆ ಇಳಿಸಿದರು. ಕಮಿಷನ್ ಆಸೆಗೆ ಹೀಗೆ ಮಾಡುತ್ತಾರೆ ಅಂತ ಆಮೇಲೆ ಊರಿನವರೇ ಹೇಳಿದರು. ಅಲ್ಲಿ ಮೊದಲು ಹೇಳಿದ ಬೆಲೆ ಎದ್ದು ಹೊರಟಾಗ ಅರ್ಧಕ್ಕೆ ಇಳಿಯಿತು. ನಮಗೆ ಕನ್ನಡ ಬರುತ್ತದೆ, ವಿಚಾರಿಸಿಕೊಂಡು ಸರಿಯಾದ ಜಾಗಕ್ಕೆ ಹೋದೆವು. ಕೋಲ್ಕತ್ತಾದಿಂದಲೋ ಅಹಮದಾಬಾದ್‌ನಿಂದಲೋ ಬಂದವರು ಏನು ಮಾಡಬೇಕು? ಅವರು ಪಾಲಿಸ್ಟರ್ ಕೊಂಡು ಹೋಗಿ ಮೈಸೂರು ರೇಷ್ಮೆ ಇಷ್ಟೇ ಅಂದುಕೊಳ್ಳುತ್ತಾರೆ.

ಮೈಸೂರು ರೇಷ್ಮೆಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಹೆಸರಿನಲ್ಲಿ ಬೇರೆ ಮಾಲು ಮಾರುವವರ ಮೇಲೆ ಕ್ರಮ ಆಗಬೇಕು. ಸರ್ಕಾರಿ ಮಳಿಗೆಗಳು ಎಲ್ಲಿವೆ, ಸೀರೆಯ ಸಂಖ್ಯೆ ನೋಡುವುದು ಹೇಗೆ ಅಂತ ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ದೊಡ್ಡ ಫಲಕ ಹಾಕಲಿ. ರೈಲು ನಿಲ್ದಾಣದಲ್ಲಿ ಒಂದು, ಅರಮನೆಯ ಟಿಕೆಟ್ ಕೌಂಟರ್ ಪಕ್ಕ ಒಂದು, ಅದೂ ದಸರಾ ಜನ ಸೇರುವ ಮುಂಚೆಯೇ.

— ಓದುಗ, ಹಾಸನ