ಹನ್ನೊಂದು ಪಾತ್ರೆಗಳು ಮತ್ತು ಒಂದು ರಾತ್ರಿಯ ಋಣ

ಪ್ರಿಯ ಬಂಧುಗಳೇ, ಗೆಳೆಯರೇ,

ಅತ್ತೆಯವರು ತೀರಿಕೊಂಡು ನಲವತ್ತು ದಿನಗಳಾದವು. ಕೊನೆಯ ಹತ್ತು ತಿಂಗಳ ಅವರ ಕಾಯಿಲೆಯ ವಿವರ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಬರೆಯಬೇಕಾಗಿರುವುದು ಕೃತಜ್ಞತೆಯನ್ನು, ಅದನ್ನೂ ಎಲ್ಲರಿಗೂ ಸಮನಾಗಿ ಹಂಚಲು ನನ್ನಿಂದ ಆಗದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ದಾವಣಗೆರೆ ಕಡೆಯ ನಮ್ಮವರಲ್ಲಿ ಅನೇಕರು ಅವರನ್ನು ಒಮ್ಮೆಯೂ ನೋಡಿದವರಲ್ಲ. ಅಮೆರಿಕದ ಅಯೋವಾ ರಾಜ್ಯದ ಪಶ್ಚಿಮ ಭಾಗದಲ್ಲಿ, 160 ಎಕರೆಯ ಜಮೀನಿನ ನಡುವಿನ ಮರದ ಮನೆಯೊಂದರಲ್ಲಿ 1928ರಲ್ಲಿ ಹುಟ್ಟಿ, ಅಲ್ಲಿಂದ ಒಂಬತ್ತು ಮೈಲಿ ಆಚೆಗಿದ್ದ ಇನ್ನೊಂದು 160 ಎಕರೆಗೆ ಸೊಸೆಯಾಗಿ ಬಂದವರು ಅವರು. ಎಂಟು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ, ಚಳಿಗಾಲದ ಬೆಳಗಿನ ಜಾವ ತಾವೇ ಒಲೆ ಹೊತ್ತಿಸಿ, ಮದುವೆಗೆ ಮುಂಚೆ ಎರಡು ವರ್ಷ ಪಾಠ ಹೇಳಿದ್ದರು. ಸೋವಿಯತ್ ನಾಯಕ ಕ್ರುಶ್ಚೇವ್ 1959ರ ಸೆಪ್ಟೆಂಬರಿನಲ್ಲಿ ಮೆಕ್ಕೆಜೋಳ ನೋಡಲೆಂದು ಕೂನ್ ರ‍್ಯಾಪಿಡ್ಸ್‌ನ ಗಾರ್ಸ್ಟ್ ಅವರ ಹೊಲಕ್ಕೆ ಬಂದಾಗ ಸುತ್ತಲಿನ ಊರುಗಳ ಜನರೆಲ್ಲ ಅತ್ತ ಓಡಿದರಂತೆ, ಮಾವನವರೂ ಹೋದರಂತೆ. ನೀವೇಕೆ ಹೋಗಲಿಲ್ಲವೆಂದು ನಾನು ಕೇಳಿದ್ದಕ್ಕೆ, ಆ ದಿನ ಮನೆಯಲ್ಲಿ ಎರಡು ಬುಟ್ಟಿ ಟೊಮೇಟೊ ಹಣ್ಣಾಗಿ ಕೂತಿದ್ದವು, ಅವನ್ನು ಬೇಯಿಸಿ ಗಾಜಿನ ಜಾಡಿಗಳಿಗೆ ತುಂಬದಿದ್ದರೆ ಕ್ರುಶ್ಚೇವ್ ಬಂದು ತುಂಬುತ್ತಿದ್ದನೇ, ಎಂದಿದ್ದರು.

ನನ್ನ ಅಪ್ಪ ಇಲ್ಲಿಗೆ ಬಂದಿದ್ದ ವರ್ಷ ಅವರಿಬ್ಬರ ನಡುವೆ ಭಾಷೆಯೇ ಇರಲಿಲ್ಲ, ಆದರೆ ಮೆಕ್ಕೆಜೋಳವಿತ್ತು. ಎಕರೆಗೆ ಎಷ್ಟು ಬರುತ್ತದೆಂದು ಅಪ್ಪ ಕೇಳಿದರು. 200 ಬುಶೆಲ್ ಎಂದರು ಅತ್ತೆ. ನಾನು ಲೆಕ್ಕ ಹಾಕಿ 50 ಕ್ವಿಂಟಲ್ ಎಂದಾಗ ಅಪ್ಪ ನನ್ನ ಲೆಕ್ಕವನ್ನೇ ಅನುಮಾನಿಸಿದರು. ಆಗ ಅತ್ತೆ ಒಳಗೆ ಹೋಗಿ, ಅಂಗೈಗೆ ಪಟ್ಟಿಯಿಂದ ಬಿಗಿದುಕೊಳ್ಳುವ, ತೆನೆಯ ಸಿಪ್ಪೆ ಸೀಳುವ ಕಬ್ಬಿಣದ ಕೊಕ್ಕೆಯೊಂದನ್ನು ತಂದು ಅಪ್ಪನ ಕೈಗಿಟ್ಟು, ಇದರಿಂದ ಸುಲಿಯುತ್ತಿದ್ದ ಕಾಲದಲ್ಲಿ ನಮಗೂ 40 ಬುಶೆಲ್, ಎಂದರೆ ನಿಮ್ಮ 10 ಕ್ವಿಂಟಲ್, ಬಂದರೆ ಹಬ್ಬವೇ ಆಗಿತ್ತು ಎಂದರು. ಅಪ್ಪ ಆ ಕೊಕ್ಕೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಅಂಥ ಅತ್ತೆಯನ್ನು ಹೆಸರು ಹಿಡಿದು ಕರೆಯುವುದು ಇಲ್ಲಿಯ ವಾಡಿಕೆಯಾದರೂ ನನ್ನ ನಾಲಿಗೆ ಕೊನೆಯವರೆಗೂ ಅದಕ್ಕೆ ಒಪ್ಪಲಿಲ್ಲ.

ಈಗ ಆ ರಾತ್ರಿಯ ಮಾತು.

ಜನವರಿಯ ಕೊನೆಯ ವಾರ, ನನ್ನ ಪತಿ ಅತ್ತಿಗೆಯವರನ್ನು ವಿಮಾನ ನಿಲ್ದಾಣದಿಂದ ಕರೆತರಲು ಒಮಾಹಾಗೆ ಹೋಗಿದ್ದ ದಿನ, ಮಧ್ಯಾಹ್ನದಿಂದ ಸುರಿದ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಯಿತು. ಸಂಜೆಯ ಗಾಳಿಗೆ ಗಡ್ಡೆಯ ಭಾರ ಹೊತ್ತ ತಂತಿಗಳು ಹರಿದು, ಕಂಬಗಳು ಉರುಳಿ, ಕರೆಂಟು ಹೋಯಿತು. ರಸ್ತೆಗಳೆಲ್ಲ ಮುಚ್ಚಿದ್ದರಿಂದ ಪತಿಯೂ ಬರುವಂತಿರಲಿಲ್ಲ, ನರ್ಸ್ ಕೂಡ ಬರುವಂತಿರಲಿಲ್ಲ. ಅತ್ತೆಯ ಉಸಿರು ನಡೆಯುತ್ತಿದ್ದುದು ಕರೆಂಟಿನ ಆಕ್ಸಿಜನ್ ಯಂತ್ರದ ಮೇಲೆ. ಪಕ್ಕದಲ್ಲಿದ್ದ ಸಿಲಿಂಡರ್ ನಾಲ್ಕೈದು ಗಂಟೆಗಿಂತ ಹೆಚ್ಚು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ನಮ್ಮ ಜಮೀನನ್ನು ಕೋರಿಗೆ ಮಾಡುವವರು ಒಂದೂವರೆ ಮೈಲಿ ದೂರದಲ್ಲಿದ್ದಾರೆ. ಅವರ ಹೆಸರನ್ನು ಇಲ್ಲಿ ಬರೆದರೆ ಅವರಿಗೆ ಮುಜುಗರವಾಗುವುದರಿಂದ ಬರೆಯುತ್ತಿಲ್ಲ. ನಾನು ಫೋನ್ ಮಾಡಿರಲಿಲ್ಲ, ಅವರೂ ಮಾಡಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಅವರ ಟ್ರ್ಯಾಕ್ಟರ್, ಹಿಂದೆ ಜನರೇಟರ್ ಕಟ್ಟಿಕೊಂಡು, ಗಡ್ಡೆಯ ಮೇಲೆ ಇಂಚಿಂಚಾಗಿ ಬಂದು ನಮ್ಮ ಅಂಗಳದ ಕಂಬದ ಬಳಿ ನಿಂತಿತು. ಟ್ರ್ಯಾಕ್ಟರಿನ ಎಂಜಿನ್ನೇ ಆ ಜನರೇಟರನ್ನು ತಿರುಗಿಸಬೇಕು. ಎಂಜಿನ್ ನಿಂತರೆ ಯಂತ್ರವೂ ನಿಲ್ಲುತ್ತದೆ. ನಡುರಾತ್ರಿಯ ಹೊತ್ತಿಗೆ ಚಳಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯಿತು. ಅಂಥ ಚಳಿಗೆ ಡೀಸೆಲ್ ಮೇಣದಂತೆ ಗಟ್ಟಿಯಾಗುವುದುಂಟು. ಆದ್ದರಿಂದ ಅವರು ಅಡುಗೆಮನೆಯ ಕುರ್ಚಿಯಲ್ಲಿ ಬೂಟು ಬಿಚ್ಚದೆ ಕೂತು, ಪ್ರತಿ ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ನೋಡಿ, ಮತ್ತೆ ಬಂದು ಕೂರುತ್ತಿದ್ದರು. ಮಾತು ಕಡಿಮೆ. ಎರಡು ಬಾರಿ ಕಾಫಿ ಕುಡಿದರು, ಎರಡನೆಯದನ್ನು ತಾವೇ ಮಾಡಿ ನನಗೂ ಕೊಟ್ಟರು.

ಮೂರು ಗಂಟೆಗೆ ಅತ್ತೆಗೆ ಎಚ್ಚರವಾಯಿತು. ಕಿಟಕಿಯಾಚೆ ಓಡಾಡುತ್ತಿದ್ದ ಟಾರ್ಚಿನ ಬೆಳಕನ್ನು ಕಂಡು, ಅಪ್ಪ ಹಾಲು ಕರೆದುಕೊಂಡು ಬಂದರೇ ಎಂದು ಕೇಳಿದರು. ಅವರ ತವರಿಗೆ ವಿದ್ಯುತ್ ತಂತಿ ಬಂದದ್ದು ಅವರಿಗೆ ಹನ್ನೆರಡು ವರ್ಷವಾಗಿದ್ದಾಗ, ರೂಸ್‌ವೆಲ್ಟ್ ಸರ್ಕಾರ ಹಳ್ಳಿಗಳಿಗೆ ಕರೆಂಟು ಎಳೆಸುತ್ತಿದ್ದ ಕಾಲದಲ್ಲಿ. ಮೊದಲ ಸಂಜೆ ಬಲ್ಬು ಹತ್ತಿದೊಡನೆ ಅವರ ತಾಯಿ ಸಂತೋಷಪಡುವ ಬದಲು ಗೋಡೆಯ ಮೇಲಿನ ಸೀಮೆಎಣ್ಣೆಯ ಮಸಿಯನ್ನು ನೋಡಿ ನಾಚಿ, ಬಕೆಟ್ಟು ತಂದು ತೊಳೆಯಲು ತೊಡಗಿದರೆಂಬ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ಆ ರಾತ್ರಿ ಅವರು ಆ ಬಲ್ಬಿಗೂ ಹಿಂದಿನ ಯಾವುದೋ ಮುಂಜಾವಿನಲ್ಲಿದ್ದರು. ಹೌದು, ಬಂದರು, ಎಂದೆ. ಅನಂತರ ಅಡುಗೆಮನೆಗೆ ಬಂದು, ಇದು ಬೇಗ ಮುಗಿಯಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ, ನಾನೆಂಥವಳು ಎಂದು ಆ ಮನುಷ್ಯನ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟೆ. ಅವರು ಎದ್ದುಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ನನ್ನ ಅಮ್ಮನ ವಿಷಯದಲ್ಲಿ ನಾನೂ ಹಾಗೇ ಬೇಡಿಕೊಂಡಿದ್ದೆ ಎಂದರು. ಮತ್ತೆ ಟೋಪಿ ಹಾಕಿಕೊಂಡು ಟ್ರ್ಯಾಕ್ಟರ್ ನೋಡಲು ಹೋದರು.

ಇದಕ್ಕೊಂದು ಹಿನ್ನೆಲೆಯಿದೆ. 1981ರಿಂದ 1986ರ ನಡುವೆ ಅಯೋವಾದ ಜಮೀನಿನ ಬೆಲೆ ಮೂರನೆಯ ಒಂದು ಪಾಲಿಗೆ ಕುಸಿದು, ಬಡ್ಡಿ ಕಟ್ಟಲಾಗದೆ ಎಷ್ಟೋ ಮನೆತನಗಳ ಹೊಲ, ದನ, ಉಪಕರಣಗಳು ಹರಾಜಾದವು. ಅವುಗಳಲ್ಲಿ ಇವರ ತಂದೆಯದೂ ಒಂದು. ಅತ್ತೆ ಆ ಹರಾಜಿಗೆ ಹೋದರೂ ಒಂದು ಸುತ್ತಿಗೆಯನ್ನೂ ಕೊಳ್ಳದೆ, ಮನೆಯವರಿಗೆ ಊಟ ಬಡಿಸಿ ಬಂದರಂತೆ. ಮರುವರ್ಷ ಮಾವನವರು ಆ ಮನೆಯ ಇಪ್ಪತ್ತೆರಡರ ಹುಡುಗನಿಗೆ ನಮ್ಮ ಜಮೀನನ್ನು ಕೋರಿಗೆ ಕೊಟ್ಟರು. ಬೆಳಿಗ್ಗೆ ನಾನು ಧನ್ಯವಾದ ಹೇಳಲು ಹೋದಾಗ ಅವರು ಈ ಹಳೆಯ ಮಾತನ್ನು ಎತ್ತಲಿಲ್ಲ. ಉಪ್ಪು ಹಾಕುವ ಲಾರಿ ಬಂದಿದೆ, ರಸ್ತೆ ತೆರೆಯಿತು, ಎಂದಷ್ಟೇ ಹೇಳಿದರು. ಹತ್ತು ಗಂಟೆಗೆ ಮಗನೂ ಮಗಳೂ ಬಂದು ತಾಯಿಯ ಕೈ ಹಿಡಿದರು. ಇನ್ನೂ ನಾಲ್ಕು ದಿನ ಅವರಿಗೆ ಸಿಕ್ಕಿತು. ಆ ನಾಲ್ಕು ದಿನಗಳನ್ನು ಕೊಟ್ಟವರು ಈ ಮಹನೀಯರು.

ಮನೆಗೆ ಬರುತ್ತಿದ್ದ ನರ್ಸುಗಳಿಗೆ, ಚರ್ಚಿನ ನೆಲಮಾಳಿಗೆಯಲ್ಲಿ ಇನ್ನೂರು ಜನಕ್ಕೆ ಹ್ಯಾಮ್ ಸ್ಯಾಂಡ್‌ವಿಚ್ಚು, ಆಲೂಗಡ್ಡೆಯ ಊಟ ಬಡಿಸಿದ ಹೆಂಗಸರಿಗೆ, ನನಗಾಗಿ ಡಿಮಾಯ್ನ್‌ನಿಂದ ಅನ್ನ, ತಿಳಿಸಾರು ತಂದ ಕನ್ನಡದ ಗೆಳತಿಯರಿಗೆ, ಊರಿನಿಂದ ದಿನವೂ ಫೋನ್ ಮಾಡಿದ ಅಣ್ಣ ಅತ್ತಿಗೆಯರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ಕೊನೆಯದಾಗಿ ಒಂದು ವ್ಯವಹಾರದ ಮಾತು. ನೀವು ಅಡುಗೆ ಕಳಿಸಿದ ಪಾತ್ರೆಗಳಲ್ಲಿ ಹನ್ನೊಂದು ಇನ್ನೂ ಇಲ್ಲೇ ಇವೆ. ಒಂಬತ್ತರ ತಳದಲ್ಲಿ ಅಂಟುಪಟ್ಟಿಯ ಮೇಲೆ ಹೆಸರಿದೆ; ಒಂದು ಗಾಜಿನ ತಟ್ಟೆ ಮತ್ತು ಒಂದು ಸ್ಟೀಲಿನ ಡಬ್ಬಿ ಯಾರವೆಂದು ತಿಳಿಯುತ್ತಿಲ್ಲ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನನ್ನ ಅಮ್ಮ ಹೇಳುತ್ತಿದ್ದರು, ಅತ್ತೆಯೂ ಹೇಳುತ್ತಿದ್ದರು. ನೆಲಮಾಳಿಗೆಯಲ್ಲಿ ಅವರು ಕೊನೆಯ ಬಾರಿ ತುಂಬಿಸಿಟ್ಟ ಟೊಮೇಟೊ ಜಾಡಿಗಳು ಇನ್ನೂ ಹದಿನಾಲ್ಕು ಉಳಿದಿವೆ. ದಯವಿಟ್ಟು ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ, ಪಾತ್ರೆಯ ಜೊತೆಗೆ ಒಂದೊಂದು ಜಾಡಿಯನ್ನೂ ಒಯ್ಯಿರಿ.