ಪೆನ್ಷನ್ ಬಗ್ಗೆ ಪುಟ್ಟಿಗೆ ಒಂದು ಪತ್ರ

ಪುಟ್ಟಿ,

ಮೊನ್ನೆ ಫೋನಲ್ಲಿ "ನನಗಿನ್ನೂ ಇಪ್ಪತ್ನಾಲ್ಕು ದೊಡ್ಡಪ್ಪ, ಪೆನ್ಷನ್ ಮಾತು ಈಗ್ಲೇ ಯಾಕೆ" ಅಂದ್ಯಲ್ಲ, ಆಗ ಸರಿಯಾಗಿ ಉತ್ತರ ಕೊಡಕ್ಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ. ನೀನು ಕೆಲಸಕ್ಕೆ ಸೇರಿದ ದಿನ ಇರೋ ರೂಲ್ಸು ನೀನು ರಿಟೈರ್ ಆಗೋ ದಿನಕ್ಕೆ ಹಾಗೇ ಇರುತ್ತೆ ಅಂತ ನಂಬ್ಕೊಂಡು ಕೂರ್ಬೇಡ.

ಬ್ರಿಟನ್ನಲ್ಲಿ ಹೆಂಗಸರಿಗೆ 60ಕ್ಕೆ ಸರ್ಕಾರದ ಪೆನ್ಷನ್ ಬರ್ತಿತ್ತು. 1995ರಲ್ಲಿ ಕಾನೂನು ಮಾಡಿ ನಿಧಾನಕ್ಕೆ 65ಕ್ಕೆ ಏರಿಸ್ತೀವಿ ಅಂದ್ರು, 2011ರಲ್ಲಿ ಅದನ್ನೂ ತಿದ್ದಿ ಇನ್ನೂ ಬೇಗ ಜಾರಿಗೆ ತಂದ್ರು. 1950ರ ದಶಕದಲ್ಲಿ ಹುಟ್ಟಿದೋರು, ಮಕ್ಕಳನ್ನ ಸಾಕಕ್ಕೆ ಅಂತ ನಡುವೆ ಕೆಲಸ ಬಿಟ್ಟು ಮತ್ತೆ ಸೇರಿದೋರು, 60ಕ್ಕೆ ದುಡ್ಡು ಬರುತ್ತೆ ಅಂತಲೇ ಲೆಕ್ಕ ಹಾಕಿದ್ರು, ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದೇ ತೀರ ತಡವಾಗಿ. ಗಂಡಸರಿಗೂ ಹೆಂಗಸರಿಗೂ ಒಂದೇ ವಯಸ್ಸು ಮಾಡಿದ್ದು ನನಗೆ ತಪ್ಪು ಅನ್ಸಲ್ಲ, ಆದ್ರೆ ಮನೆಮನೆಗೂ ಮುಂಚೆಯೇ ಹೇಳ್ದೇ ಇದ್ದಿದ್ದು ನಿಜಕ್ಕೂ ಅನ್ಯಾಯ. ಮೂವತ್ತರವಳಿಗೆ ಆ ಕಾನೂನು ಪೇಪರಲ್ಲಿ ಓದಿ ಮರೆಯೋ ಸುದ್ದಿ, ಐವತ್ತೇಳರವಳಿಗೆ ಮತ್ತೆ ಉಳಿಸೋಣ ಅಂದ್ರೆ ವರ್ಷಗಳೇ ಉಳಿದಿಲ್ಲ.

ಟ್ಯಾಕ್ಸ್ ಕಥೆ ಇನ್ನೂ ಸದ್ದಿಲ್ಲದ್ದು. ಅಮೆರಿಕದಲ್ಲಿ 1983ರಲ್ಲಿ, ಒಂಟಿಯಾಗಿರೋ ಹಿರಿಯರ ಆದಾಯ 25,000 ಡಾಲರ್ ದಾಟಿದ್ರೆ ಪೆನ್ಷನ್ನಿನ ಒಂದು ಭಾಗಕ್ಕೂ ಟ್ಯಾಕ್ಸ್ ಅಂತ ತಂದ್ರು. ಆವಾಗ ಅದು ಚೆನ್ನಾಗಿ ಅನುಕೂಲ ಇದ್ದೋರಿಗೆ ಮಾತ್ರ ತಟ್ತಿತ್ತು. ಆಮೇಲೆ ಬೆಲೆ ಏರ್ತು, ಸಂಬಳ ಏರ್ತು, ಪೆನ್ಷನ್ನೂ ಏರ್ತು, ಆ 25,000 ಮಾತ್ರ ಇವತ್ತಿಗೂ ಅಲ್ಲೇ ಇದೆ, ಹಾಗಾಗಿ ಸಾಧಾರಣ ಆದಾಯದೋರೂ ಒಬ್ಬೊಬ್ಬರಾಗಿ ಅದರೊಳಗೆ ಬಂದುಬಿಟ್ರು. ಅದಕ್ಕೇ ಬಜೆಟ್ ದಿನ ಎಲ್ಲರೂ ರೇಟು ಎಷ್ಟಾಯ್ತು ಅಂತ ನೋಡ್ತಿದ್ರೆ ನೀನು ಮಿತಿ ಎಷ್ಟಿದೆ, ಬೆಲೆ ಏರಿದ ಹಾಗೆ ಅದೂ ಏರುತ್ತಾ ಅಂತ ನೋಡು.

ಹಾಗಂತ ಸರ್ಕಾರದ ಸ್ಕೀಮೇ ಬೇಡ ಅಂತಲ್ಲ. ಜರ್ಮನಿಯಲ್ಲಿ 1889ರಲ್ಲಿ ಶುರುವಾದಾಗ 70 ತುಂಬಿದ್ರೆ ಪೆನ್ಷನ್, 1916ರಲ್ಲಿ ಅದನ್ನ 65ಕ್ಕೆ ಇಳಿಸಿದ್ರು, ಜನರ ಪರವಾಗೂ ರೂಲ್ಸು ಬದಲಾಗುತ್ತೆ. ಕಟ್ಟೋದನ್ನ ನಿಲ್ಲಿಸ್ಬೇಡ, ಆದ್ರೆ ಅದೊಂದನ್ನೇ ನಂಬ್ಕೋಬೇಡ, ಪಕ್ಕದಲ್ಲಿ ನಿಂದೇ ಅಂತ ಸ್ವಲ್ಪ ಇರ್ಲಿ. ಮುಂದೆ ಮಗು ಅಂತಲೋ ಅಪ್ಪ ಅಮ್ಮನ್ನ ನೋಡ್ಕೊಳ್ಳಕ್ಕೆ ಅಂತಲೋ ಕೆಲಸ ಬಿಡೋ ಹಾಗಾದ್ರೆ, ಬಿಡೋ ಮುಂಚೆ ಆ ವರ್ಷಗಳು ಪೆನ್ಷನ್ ಲೆಕ್ಕಕ್ಕೆ ಸೇರುತ್ತಾ ಅಂತ ಕೇಳು, ನಾಚ್ಕೋಬೇಡ.

ಈ ಭಾನುವಾರ ನಿನ್ನ ಪೇಸ್ಲಿಪ್ ತೆಗೆದು ಏನೇನು ಕಟ್ ಆಗ್ತಿದೆ, ಎಲ್ಲಿಗೆ ಹೋಗ್ತಿದೆ ನೋಡು. ಅರ್ಥ ಆಗ್ದಿದ್ರೆ ಫೋನ್ ಮಾಡು, ಇಬ್ರೂ ಕೂತು ಓದೋಣ.

ನಿನ್ನ ದೊಡ್ಡಪ್ಪ