ಮಗಳಿಗೊಂದು ಪತ್ರ: ಮೊಲದ ಕಿವಿಯ ಬ್ಯಾಗು

ಪ್ರೀತಿಯ ಮಗಳೇ,

ಫೋನ್ ಮಾಡಿ ಮಾತಾಡಿ ಮುಗಿಸಿಬಿಡಿ ಎಂದು ನಿನ್ನ ಅಮ್ಮ ಹೇಳುತ್ತಲೇ ಇದ್ದಾಳೆ. ಫೋನಿನಲ್ಲಾದರೆ ಮೂರನೆಯ ಮಾತಿಗೇ ನನ್ನ ದನಿ ಏರುತ್ತದೆ, ನಾಲ್ಕನೆಯದಕ್ಕೆ ನೀನು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ದುಬೈ, ಕತಾರ್‌ನ ದೋಹಾ, ಒಮಾನ್‌ನ ಮಸ್ಕತ್ ಸುತ್ತುವ ನಿನ್ನ ಹಡಗಿನ ಪ್ರವಾಸದ ಬಗ್ಗೆ ಭಾನುವಾರ ಆಡಿದ್ದನ್ನೆಲ್ಲ ಮತ್ತೆ ಇಲ್ಲಿ ಇಳಿಸುವುದಿಲ್ಲ, ನಿನಗೂ ನೆನಪಿದೆ, ನನಗೂ ನೆನಪಿದೆ. ನಿನ್ನನ್ನು ಕೇಳದೆ ಬ್ಯಾಗಿಗೆ ಕೈ ಹಾಕಿ ಮಾತ್ರೆಗಳನ್ನು ತೆಗೆದದ್ದು ತಪ್ಪು. ಆ ತಪ್ಪಿಗೆ ಆಮೇಲೆ ಬರುತ್ತೇನೆ.

ಮೊದಲು ಮಾತ್ರೆಯ ವಿಷಯ. "ಅದು ಹಡಗಿನ ಕೋಣೆಯಲ್ಲೇ ಇರುತ್ತದೆ, ನಾನೇನು ಕೈಯಲ್ಲಿ ಹಿಡಿದುಕೊಂಡು ಊರು ಸುತ್ತುತ್ತೇನೆಯೇ" ಎಂದೆಯಲ್ಲ, ಆ ಹಡಗು ನಿನ್ನ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ನೀನು ಮೊದಲು ಇಳಿಯುವುದು ದುಬೈ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಬಂದರಿಗೆ ಹೋಗಿ ಹಡಗು ಹತ್ತಬೇಕು. ನಿನ್ನ ಬೆನ್ನುನೋವಿನ ಮಾತ್ರೆಯಲ್ಲಿರುವುದು ಟ್ರಮಡಾಲ್, ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಔಷಧ. ದುಬೈ ಇರುವ ಎಮಿರೇಟ್ಸ್‌ನಲ್ಲಿ ಅದು ನಿಯಂತ್ರಿತ ಔಷಧ. ವೈದ್ಯರ ಚೀಟಿಯೊಂದೇ ಸಾಲದು, ಹೊರಡುವ ಮುಂಚೆಯೇ ಅಲ್ಲಿನ ಸರ್ಕಾರದಿಂದ ಆನ್‌ಲೈನಿನಲ್ಲಿ ಅನುಮತಿ ಪಡೆದಿರಬೇಕು. ಅಫೀಮಿನ ಜಾತಿಗೇ ಸೇರಿದ ಕೋಡೀನ್ ಇರುವ ಕೆಮ್ಮಿನ ಔಷಧಕ್ಕೂ ಹಾಗೆಯೇ. ಗಸಗಸೆಯನ್ನೂ ಅವರು ಒಳಗೆ ಬಿಡುವುದಿಲ್ಲ. ನಗು ಬರುತ್ತದೆಯೇ? ಗಸಗಸೆಯ ಗಿಡವೇ ಅಫೀಮಿನ ಗಿಡ.

ಹಡಗಿನ ಮೇಲೆ ಯಾವ ದೇಶದ ಬಾವುಟವೋ ಆ ದೇಶದ ಕಾನೂನು ಎಂದೂ ನೀನು ವಾದಿಸಿದೆ. ನಡುಸಮುದ್ರದಲ್ಲಿ ಸರಿ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ಬಂದರೆ ಅದು ಆ ದೇಶದ ಕಡಲು. ಬಂದರಿನಲ್ಲಿ ಹಗ್ಗ ಕಟ್ಟಿದ ಮೇಲಂತೂ ಕೇಳುವುದೇ ಬೇಡ. ಹಡಗುಗಳು ಸಾಮಾನ್ಯವಾಗಿ ಬಂದರಿನಲ್ಲಿ ನಿಂತಾಗ ಜೂಜಿನ ಕೋಣೆಗೆ ಬೀಗ ಹಾಕುವುದು ಸುಮ್ಮನೆ ಅಲ್ಲ.

"ನಿಮಗೆ ಆ ದೇಶಗಳೆಂದರೆ ಭಯ, ಅದನ್ನು ನನ್ನ ಮೇಲೆ ಹೇರುತ್ತಿದ್ದೀರಿ" ಎಂದೆ. ಆ ಮಾತು ಚುಚ್ಚಿತು. ಅರ್ಧ ನಿಜವಾದದ್ದರಿಂದ ಇನ್ನಷ್ಟು ಚುಚ್ಚಿತು. ಭಯ ಇರುವುದು ನಿಜ, ಆ ಜನರ ಮೇಲಲ್ಲ.

ನಿನಗೆ ಆಗ ಏಳು ವರ್ಷ. ಚಿಕ್ಕಪ್ಪನನ್ನು ನೋಡಲು ಕೊಲ್ಲಿಗೆ ಹೋಗಿದ್ದೆವು. ನೀನು ಈಗಲೂ ಆ ಪ್ರಯಾಣದ ಕಥೆ ಹೇಳುವುದು ಒಂದೇ ರೀತಿ: ವಿಮಾನ ನಿಲ್ದಾಣದಲ್ಲಿ ಬಿಳಿ ಅಂಗಿಯ ಒಬ್ಬ ಮಾಮ ನೀರಿನ ಬಾಟಲಿ ಕೊಟ್ಟ, ತನ್ನ ತಿರುಗುವ ಕುರ್ಚಿಯಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸಿದ. ಅಲ್ಲಿಗೆ ನಿನ್ನ ಕಥೆ ಮುಗಿಯುತ್ತದೆ. ನನ್ನದು ಅಲ್ಲಿಂದ ಸ್ವಲ್ಪ ಹಿಂದೆ ಶುರುವಾಗುತ್ತದೆ.

ನಿನ್ನ ಬೆನ್ನಿಗೆ ಒಂದು ಬ್ಯಾಗಿತ್ತು, ಮೇಲೆ ಎರಡು ಮೊಲದ ಕಿವಿಗಳು. ಒಂದು ಕಿವಿಯ ಹೊಲಿಗೆ ಬಿಚ್ಚಿ ಜೋತುಬಿದ್ದಿತ್ತು. ಎಕ್ಸ್‌ರೇ ಯಂತ್ರದ ಆಚೆ ಬಂದ ಸಾಮಾನುಗಳಲ್ಲಿ ಆ ಬ್ಯಾಗನ್ನು ಮಾತ್ರ ಪಕ್ಕಕ್ಕೆ ಇಟ್ಟರು. ಅಧಿಕಾರಿ ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ: ಬಣ್ಣದ ಪೆನ್ಸಿಲ್ ಡಬ್ಬಿ, ಒಂಟಿ ಕಾಲಿನ ಬೊಂಬೆ, ಬಾಚಣಿಗೆ, ಆಮೇಲೆ ಟವೆಲ್ಲಿನಲ್ಲಿ ಸುತ್ತಿದ ನನ್ನ ಕೆಮ್ಮಿನ ಔಷಧದ ಬಾಟಲಿ. ಆತ ಬಾಟಲಿಯನ್ನು ಬೆಳಕಿಗೆ ಹಿಡಿದು ಚೀಟಿ ಓದಿದ. ಬ್ಯಾಗು ಯಾರದೆಂದು ಕೇಳಿದ. ಗಟ್ಟಿಯಾಗಿಯೂ ಅಲ್ಲ, ಒರಟಾಗಿಯೂ ಅಲ್ಲ.

ನೀನು ಕೈ ಎತ್ತಿ "ನನ್ನದು" ಎಂದೆ, ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ.

ನಾನು ಸುಮ್ಮನಿದ್ದೆ.

ಎಷ್ಟು ಹೊತ್ತು ಎಂದು ಈಗ ಹೇಳಲಾರೆ. ಐದು ಸೆಕೆಂಡ್ ಇರಬಹುದು, ಹತ್ತಿರಬಹುದು. ನಿನ್ನ ಅಮ್ಮ ಹಿಂದಿನ ಸಾಲಿನಲ್ಲಿದ್ದಳು, ಅವಳಿಗೆ ಏನೂ ಕಾಣಲಿಲ್ಲ. ಆತ ನಿನ್ನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನಿಗೆ ಎಲ್ಲವೂ ಗೊತ್ತಾಗಿತ್ತು, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದ. ಕೊನೆಗೆ ನಾನು ಬಾಟಲಿ ನನ್ನದೆಂದು ಹೇಳಿದೆ. ಅಷ್ಟಕ್ಕೇ ನಿಲ್ಲಿಸದೆ, ನಮ್ಮ ದೇಶದಲ್ಲಿ ಇದನ್ನು ಯಾರೂ ಏನೂ ಅನ್ನುವುದಿಲ್ಲ ಎಂದೂ ಸೇರಿಸಿದೆ. "ಇದು ನಿಮ್ಮ ದೇಶವಲ್ಲ" ಎಂದ ಆತ. ಸಿಟ್ಟಿರಲಿಲ್ಲ, ಗಂಟೆ ಎಷ್ಟಾಯಿತೆಂದು ಹೇಳುವ ಹಾಗಿತ್ತು. ಎರಡು ಗಂಟೆ ಕೂರಿಸಿದರು. ಓದಲು ಬಾರದ ಅರಬ್ಬಿ ಕಾಗದವೊಂದಕ್ಕೆ ಸಹಿ ಹಾಕಿದೆ, ಬಾಟಲಿ ಅವರಲ್ಲೇ ಉಳಿಯಿತು, ನಮ್ಮನ್ನು ಬಿಟ್ಟರು. ಬಿಡಲೇಬೇಕೆಂದೇನೂ ಇರಲಿಲ್ಲ.

ಆ ಎರಡು ಗಂಟೆಯಲ್ಲೇ ನೀನು ಕುರ್ಚಿಯಲ್ಲಿ ತಿರುಗಿದ್ದು.

ಸರಿ, ಈಗ ಉಳಿದ ಸಂಗತಿಗಳು. ಇದು ಉಪದೇಶವಾಗುತ್ತದೆಂದು ಗೊತ್ತು, ಆದರೂ ಓದು. ನೀನು ಹೋಗುವ ಹೊತ್ತಿಗೆ ರಂಜಾನ್ ನಡೆಯುತ್ತಿರುತ್ತದೆ. ಒಮಾನ್‌ನಲ್ಲಿ ಉಪವಾಸದ ಹಗಲಿನಲ್ಲಿ ಎಲ್ಲರೆದುರು ತಿನ್ನುವುದು, ಕುಡಿಯುವುದು ಅಪರಾಧ. ಒಂದು ಗುಟುಕು ನೀರೂ ಸೇರಿ. ಹಡಗಿನಲ್ಲಿ ಹೊಟ್ಟೆ ತುಂಬ ತಿಂದು ಇಳಿ. ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಸೀದಿ ನೋಡಬೇಕೆಂದಿದ್ದೆಯಲ್ಲ, ಬೇರೆ ಧರ್ಮದವರನ್ನು ಬಿಡುವುದು ಬೆಳಿಗ್ಗೆ 8ರಿಂದ 11ರವರೆಗೆ, ಶುಕ್ರವಾರ ಇಲ್ಲ. ರಂಜಾನಿನಲ್ಲಿ ವೇಳೆ ಬದಲಾಗಿದೆಯೇ ಎಂದು ಹಡಗಿನಲ್ಲೇ ಕೇಳಿಕೋ. ತಲೆ, ತೋಳು, ಕಾಲು ಮುಚ್ಚಿರಬೇಕು. ಒಳಗೆ ಹಾಸಿರುವ ಕಂಬಳಿಯೊಂದೇ 21 ಟನ್ ತೂಗುತ್ತದೆ. ಅದನ್ನು ನೋಡುವುದಕ್ಕಾದರೂ ಒಂದು ದುಪಟ್ಟಾ ಇಟ್ಟುಕೋ.

ಕಂಡಕಂಡವರ ಫೋಟೋ ತೆಗೆಯಬೇಡ, ಹೆಂಗಸರದ್ದಂತೂ ಬೇಡವೇ ಬೇಡ. ಸಮವಸ್ತ್ರದವರನ್ನೂ ಸೇನೆಯ ಕಟ್ಟಡಗಳನ್ನೂ ಬಿಟ್ಟುಬಿಡು. ಎಮಿರೇಟ್ಸ್‌ನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬೈದು ಕಳಿಸಿದರೂ ಕೇಸಾಗಬಹುದು. ನನ್ನನ್ನು ಬೈಯುವುದು ಬಾಕಿ ಇದ್ದರೆ ವಿಮಾನ ಹತ್ತುವ ಮುಂಚೆ ಮುಗಿಸಿಕೋ. ಇ-ಸಿಗರೇಟನ್ನು ಕತಾರ್ 2014ರಲ್ಲೇ ನಿಷೇಧಿಸಿದೆ. ನಿನ್ನ ಹತ್ತಿರ ಅದಿದೆಯೇ ಎಂದು ನಾನು ಕೇಳುತ್ತಿಲ್ಲ. ಹಡಗಿನಲ್ಲಿ ಕುಡಿಯುವುದು ಬಿಡುವುದು ನಿನಗೆ ಸೇರಿದ್ದು, ಕುಡಿದು ಬಂದರಿನ ಗೇಟು ದಾಟಬೇಡ.

ನಿನ್ನ ಜೊತೆ ಬರುವ ಹುಡುಗನ ಬಗ್ಗೆಯೂ ಒಂದು ಮಾತು, ಒಂದೇ. ಮದುವೆಯಾಗದ ಜೋಡಿ ಒಟ್ಟಿಗೆ ಇರುವುದನ್ನು ಎಮಿರೇಟ್ಸ್ 2020ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದಿದೆ. ಕತಾರ್‌ನಲ್ಲಿ ಮದುವೆಯಾಚೆಗಿನ ಸಂಬಂಧ ಇಂದಿಗೂ ಅಪರಾಧ. ನಾನು ಇದನ್ನೆಲ್ಲ ಹುಡುಕಿ ಓದಿದ್ದೇನೆಂದು ನಿನ್ನ ಅಮ್ಮನಿಗೆ ಹೇಳಬೇಡ. ಕೆಳಗಿಳಿದಾಗ ಸ್ವಲ್ಪ ಅಂತರವಿರಲಿ, ಅಷ್ಟೇ.

ಈ ಕಾನೂನುಗಳೆಲ್ಲ ನ್ಯಾಯವೇ ಎಂದು ನೀನು ಕೇಳುತ್ತೀಯ. ಕೆಲವು ನನಗೂ ಒಪ್ಪಿಗೆಯಿಲ್ಲ. ಆದರೆ ಎಂಟು ಗಂಟೆ ಇಳಿದು ಹತ್ತುವ ಅತಿಥಿ ಆ ವಾದವನ್ನು ದೋಹಾದ ಬಂದರಿನಲ್ಲಿ ಗೆಲ್ಲುವುದಿಲ್ಲ. ಸಿಕ್ಕಿಬಿದ್ದರೆ ಹಡಗು ಕಾಯುವುದಿಲ್ಲ, ಅದರ ವೇಳೆಗೆ ಅದು ಹೊರಡುತ್ತದೆ. ನಮ್ಮ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ನಿನಗಿದೆ, 1963ರ ವಿಯೆನ್ನಾ ಒಪ್ಪಂದ ಕೊಟ್ಟ ಹಕ್ಕು. ಅವರು ಬಂದು ನೋಡುತ್ತಾರೆ, ವಕೀಲರನ್ನು ಹುಡುಕಿಕೊಡುತ್ತಾರೆ. ಬಿಡಿಸಿ ಕರೆದುಕೊಂಡು ಬರುವ ಅಧಿಕಾರ ಅವರಿಗಿಲ್ಲ. ಎರಡು ಗಂಟೆ ಕೂರಿಸಿ ಬಿಟ್ಟುಬಿಡುವ ಅದೃಷ್ಟ ಒಂದೇ ಮನೆಗೆ ಎರಡು ಸಲ ಬರುತ್ತದೆಂದು ನನಗೆ ನಂಬಿಕೆಯಿಲ್ಲ.

ಮತ್ತೆ ಅಲ್ಲಿಗೇ ಬಂದೆ. ಬರಲೇಬೇಕಾಗಿತ್ತು, ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ.

ಆ ಬಾಟಲಿ ನಿನ್ನ ಬ್ಯಾಗಿಗೆ ಹೇಗೆ ಬಂತೆಂದು ನಿನ್ನ ಅಮ್ಮ ಅವತ್ತು ಕೇಳಿದಾಗ, ಸೂಟ್‌ಕೇಸಿನಲ್ಲಿ ಜಾಗವಿರಲಿಲ್ಲ ಎಂದೆ. ಇಷ್ಟು ವರ್ಷವೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಜಾಗವಿತ್ತು. ಕೆಮ್ಮಿನ ಔಷಧಕ್ಕೂ ಅಲ್ಲಿ ತಕರಾರು ಮಾಡುತ್ತಾರೆಂದು ಗೆಳೆಯನೊಬ್ಬ ಹೇಳಿದ್ದ, ಮಕ್ಕಳ ಬ್ಯಾಗನ್ನು ಯಾರೂ ಬಿಚ್ಚುವುದಿಲ್ಲ ಎಂದೂ ಹೇಳಿದ್ದ. ಹೊರಡುವ ಹಿಂದಿನ ರಾತ್ರಿ ನೀನು ಮಲಗಿದ ಮೇಲೆ ಟವೆಲ್ಲಿನಲ್ಲಿ ಸುತ್ತಿ, ಬೊಂಬೆಯನ್ನು ಮೇಲೆ ಸರಿಸಿ, ಕೆಳಗೆ ಇಟ್ಟೆ. ಜಿಪ್ಪು ಸದ್ದಾಗದ ಹಾಗೆ ಎಳೆದದ್ದು ಕೈಗೆ ಇನ್ನೂ ನೆನಪಿದೆ.

ಭಾನುವಾರ ನಿನ್ನ ಬ್ಯಾಗಿನ ಜಿಪ್ಪು ಎಳೆಯುವಾಗಲೂ ಹಾಗೆಯೇ ಎಳೆದೆ. ಕ್ಷಮಿಸು. ಎರಡಕ್ಕೂ.

ನನಗೆ ಮೂವತ್ತು ದಾಟುವವರೆಗೆ ಕಡಲು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ನೀನು ನಿನ್ನ ಸಂಬಳದಲ್ಲಿ ಹಡಗಿನ ಟಿಕೆಟ್ ತೆಗೆದುಕೊಂಡಿದ್ದೀಯ, ಬಾಲ್ಕನಿ ಇರುವ ಕೋಣೆಯಂತೆ. ಪಕ್ಕದ ಮನೆಯವರಿಗೆ ಎರಡು ಸಲ ಹೇಳಿದ್ದೇನೆ. ಮೂರನೆಯ ಸಲ ಹೇಳಲು ಹೋದಾಗ ನಿನ್ನ ಅಮ್ಮ ಒಳಗೆ ಕರೆದಳು.

ವೈದ್ಯರನ್ನು ಕಂಡು ಬೇರೆ ಮಾತ್ರೆಗೆ ಬದಲಾಯಿಸಲು ಆಗುತ್ತದೆಯೇ ಕೇಳು. ಆಗದಿದ್ದರೆ ಅನುಮತಿಯ ಅರ್ಜಿ ಹಾಕು: ವೈದ್ಯರ ಪತ್ರ, ಚೀಟಿ, ಪಾಸ್‌ಪೋರ್ಟ್ ಪ್ರತಿ ಬೇಕಾಗುತ್ತವೆ. ದೋಹಾಕ್ಕೂ ಮಸ್ಕತ್‌ಗೂ ಏನು ನಿಯಮವೆಂದು ಹಡಗಿನ ಕಂಪನಿಯಿಂದ ಬರಹದಲ್ಲೇ ಕೇಳಿ ತರಿಸಿಕೋ. ಅರ್ಜಿಯನ್ನು ನಾನೇ ತುಂಬಲು ಕೂತಿದ್ದೆ, ಅರ್ಧಕ್ಕೆ ನಿಲ್ಲಿಸಿದೆ. ಮಾತ್ರೆಯ ಪಟ್ಟಿಗಳು ಹಜಾರದ ಮೇಜಿನ ಮೇಲೆ ಲಕೋಟೆಯಲ್ಲಿವೆ, ಎಣಿಸಿದ್ದೇನೆ, ನಾಲ್ಕೂ ಇವೆ. ಶನಿವಾರ ಬಂದಾಗ ನೀನೇ ತೆಗೆದುಕೋ.

ನಿನ್ನ
ಅಪ್ಪ